ವೃದ್ಧಾಶ್ರಮದಲ್ಲಿ ಕೊನೆಯ ದಿನಗಳ ಆರೈಕೆ: ನಾವು ಮೊದಲೇ ಮಾಡಿಕೊಳ್ಳುವ ಸಿದ್ಧತೆ

ಬೆಂಗಳೂರಿನ ಹೊರವಲಯದ ಒಂದು ವೃದ್ಧಾಶ್ರಮದಲ್ಲಿ ನಾನು ಶುಶ್ರೂಷಕಿ. ನಡುರಾತ್ರಿ ಹಿರಿಯರ ಉಸಿರು ಏರುಪೇರಾದಾಗ ಫೋನ್ ಮಾಡಿ ಏನು ಮಾಡೋಣವೆಂದು ಕೇಳಿದರೆ, ಪರವೂರಿನಲ್ಲಿರುವ ಮಗನಿಗೆ ಆಂಬುಲೆನ್ಸ್ ಬಿಟ್ಟು ಬೇರೇನೂ ತೋಚುವುದಿಲ್ಲ. ಐಸಿಯು ಸೇರಿದ ಮೇಲೆ ವೆಂಟಿಲೇಟರ್ ಬೇಡವೆನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ಆದ್ದರಿಂದ ಮರೆವಿನ ಕಾಯಿಲೆಯವರು ಹಾಸಿಗೆ ಹಿಡಿದು, ಊಟ ತಗ್ಗಿ, ಪದೇ ಪದೇ ಜ್ವರ ಬರತೊಡಗಿದಾಗಲೇ ಮಕ್ಕಳನ್ನು ಕರೆಸಿ, ವೈದ್ಯರ ಸಮ್ಮುಖದಲ್ಲಿ ಮಾತನಾಡಿ, ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಬರೆದು ಫೈಲಿನ ಮೊದಲ ಪುಟದಲ್ಲಿ ಇಡುತ್ತೇವೆ. ಹಿರಿಯರು ಬುದ್ಧಿ ಸ್ಪಷ್ಟವಾಗಿರುವಾಗ ತಾವೇ ಕೊನೆಗಾಲದ ಚಿಕಿತ್ಸೆಯ ಬಗ್ಗೆ ಇಚ್ಛಾಪತ್ರ (ಲಿವಿಂಗ್ ವಿಲ್) ಬರೆದಿಟ್ಟಿದ್ದರೆ ಇನ್ನೂ ಒಳ್ಳೆಯದು. 2018ರಲ್ಲಿ ಸುಪ್ರೀಂ ಕೋರ್ಟ್ ಮಾನ್ಯ ಮಾಡಿದ ಈ ಪತ್ರಕ್ಕೆ 2023ರಿಂದ ಇಬ್ಬರು ಸಾಕ್ಷಿಗಳ ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಆದರೆ ನಮ್ಮಲ್ಲಿಗೆ ಬರುವಷ್ಟರಲ್ಲಿ ಬಹುತೇಕರಿಗೆ ಆ ಅವಕಾಶ ತಪ್ಪಿಹೋಗಿರುತ್ತದೆ.

ಹೆಚ್ಚಿನ ವಾದ ನಡೆಯುವುದು ಊಟದ ಬಗ್ಗೆ. “ಅಮ್ಮನನ್ನು ಉಪವಾಸ ಕೆಡವುತ್ತೀರಾ ಸಿಸ್ಟರ್?” ಎಂದು ಕೇಳುವ ಮಗಳಿಗೆ ಒಂದೇ ಸಲಕ್ಕೆ ಉತ್ತರ ಹೇಳಿ ಮುಗಿಸಲಾಗದು. ಮರೆವಿನ ಕಾಯಿಲೆಯ ಕೊನೆಯ ಹಂತದಲ್ಲಿ ಮೂಗಿನ ಮೂಲಕ ಆಹಾರ ಕೊಡುವ ಟ್ಯೂಬಿನಿಂದ ಆಯಸ್ಸು ಹೆಚ್ಚುವುದಾಗಲಿ, ಆಹಾರ ಶ್ವಾಸಕೋಶಕ್ಕೆ ಹೋಗುವುದು ತಪ್ಪುವುದಾಗಲಿ ಕಂಡುಬಂದಿಲ್ಲ. ಅದನ್ನು ಕಿತ್ತುಕೊಳ್ಳದಂತೆ ಕೈ ಕಟ್ಟಬೇಕಾಗುವುದಂತೂ ಉಂಟು. ಬದಲಿಗೆ ತಲೆ ಎತ್ತರಿಸಿ ಕೂರಿಸಿ, ತುಸು ಗಟ್ಟಿಯಾದ ರಾಗಿ ಗಂಜಿಯನ್ನು ಚಮಚದಲ್ಲಿ, ಅವರು ಬಾಯಿ ತೆರೆದಷ್ಟು ಮಾತ್ರ ತಿನ್ನಿಸುತ್ತೇವೆ. ನುಂಗುವುದು ನಿಂತ ಮೇಲೆ ಒದ್ದೆ ಹತ್ತಿಯಿಂದ ಬಾಯಿ ಒರೆಸಿ ತುಟಿಗೆ ವ್ಯಾಸಲೀನ್ ಹಚ್ಚುವ ಕೆಲಸವನ್ನು, ಹತ್ತಿರವಿದ್ದರೆ, ಆ ಮಗಳಿಗೇ ವಹಿಸುತ್ತೇನೆ. ಸುಮ್ಮನೆ ಕುಳಿತು ನೋಡುವುದು ಆಕೆಗೆ ಹೆಚ್ಚು ಕಷ್ಟ.

ಮಾತು ನಿಂತವರ ನೋವನ್ನು ಮೊದಲು ಗುರುತಿಸುವವರು ವೈದ್ಯರಲ್ಲ, ಮೈ ಒರೆಸುವ ಆಯಾಗಳು. ಮಗ್ಗುಲು ಬದಲಿಸುವಾಗ ಹುಬ್ಬು ಗಂಟಿಕ್ಕುವುದು, ನರಳುವುದು, ಮುಷ್ಟಿ ಬಿಗಿಯುವುದು, ಉಸಿರು ಜೋರಾಗುವುದು, ಸಮಾಧಾನಪಡಿಸಿದರೂ ಶಾಂತವಾಗದಿರುವುದು ಇವುಗಳನ್ನು ಬರೆದಿಡಲು ಅವರಿಗೆ ಕಲಿಸಿದ್ದೇವೆ. ಪ್ಯಾರಾಸಿಟಮಾಲ್‌ಗೆ ಬಗ್ಗದ ನೋವಿಗೆ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ಕೇಂದ್ರದ ವೈದ್ಯರು ಪ್ರಬಲ ನೋವುನಿವಾರಕವಾದ ಮಾರ್ಫಿನ್ ಬರೆದುಕೊಡುತ್ತಾರೆ. ಹಣ್ಣಾದ ಜೀವಗಳಿಗೆ ಸಾಮಾನ್ಯವಾಗಿ 2.5 ಮಿಲಿಗ್ರಾಂನಂತಹ ಅಲ್ಪ ಪ್ರಮಾಣದಿಂದ ಶುರು. ಜೊತೆಗೆ ಮೊದಲ ದಿನದಿಂದಲೇ ಮಾರ್ಫಿನ್ ತರುವ ಮಲಬದ್ಧತೆಗೆ ಔಷಧ. ಇದನ್ನು ಮರೆತರೆ ಹೊಸದೊಂದು ಹೊಟ್ಟೆನೋವು ಖಚಿತ.

ಕೊನೆಯ ಗಂಟೆಗಳ ಗೊರಗೊರ ಸದ್ದಿಗೆ ಮನೆಯವರು ಬೆದರುತ್ತಾರೆ. ಪ್ರಜ್ಞೆ ಬಹುಪಾಲು ಇಲ್ಲದವರ ಗಂಟಲಲ್ಲಿ ನಿಂತ ದ್ರವದ ಸದ್ದು ಅದೆಂದು ಮುಂಚೆಯೇ ತಿಳಿಸಿ, ಒಂದು ಮಗ್ಗುಲಿಗೆ ಮಲಗಿಸಿ, ದ್ರವ ತಗ್ಗಿಸಲೆಂದು ವೈದ್ಯರು ಮೊದಲೇ ಬರೆದಿಟ್ಟ ಇಂಜೆಕ್ಷನ್ ಅನ್ನು ಚರ್ಮದಡಿ ಕೊಡುತ್ತೇವೆ. ಮರಣದ ಕಾರಣದ ಪ್ರಮಾಣಪತ್ರಕ್ಕೆ ಸಹಿ ಹಾಕುವ ವೈದ್ಯರು ಆ ವಾರ ರೋಗಿಯನ್ನು ಬಂದು ನೋಡಿ ದಾಖಲಿಸಿರುವಂತೆಯೂ ನೋಡಿಕೊಳ್ಳುತ್ತೇವೆ. ಇಲ್ಲವಾದರೆ ಮನೆಯವರು ಅಂತ್ಯಕ್ರಿಯೆಯ ಹೊತ್ತಿನಲ್ಲಿ ಆ ಕಾಗದಕ್ಕಾಗಿ ಅಲೆಯಬೇಕಾಗುತ್ತದೆ.