ಕಾರ್ಬ್ಸ್ ಬಿಡಬೇಡಿ, ಆರಿಸಿ ತಿನ್ನಿ: ವ್ಯಾಯಾಮ ಮಾಡುವವರ ಊಟದ ಲೆಕ್ಕ

ವ್ಯಾಯಾಮ ಶುರು ಮಾಡಿದ ಮೊದಲ ವಾರದಲ್ಲೇ ತುಂಬಾ ಜನ ಅನ್ನ, ಬ್ರೆಡ್, ಆಲೂಗಡ್ಡೆ ಎಲ್ಲವನ್ನೂ ಒಂದೇ ಸಲ ನಿಲ್ಲಿಸಿಬಿಡುತ್ತಾರೆ. ನಾಲ್ಕೈದು ದಿನದಲ್ಲಿ ತೂಕ ಒಂದೆರಡು ಕೆ.ಜಿ. ಇಳಿಯುತ್ತದೆ, ಖುಷಿಯಾಗುತ್ತದೆ. ಆದರೆ ಇಳಿದದ್ದರಲ್ಲಿ ಹೆಚ್ಚಿನ ಪಾಲು ಕೊಬ್ಬಲ್ಲ, ನೀರು. ಅನ್ನ, ಬ್ರೆಡ್‌ನಂಥವುಗಳಿಂದ ಸಿಗುವ ಕಾರ್ಬೋಹೈಡ್ರೇಟನ್ನು, ಅಂದರೆ ಕಾರ್ಬ್ಸನ್ನು, ದೇಹ ಗ್ಲೈಕೋಜನ್ ಮಾಡಿ ಸ್ನಾಯುಗಳಲ್ಲೂ ಲಿವರ್‌ನಲ್ಲೂ ಕೂಡಿಡುತ್ತದೆ, ಒಂದೊಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಸೇರಿಕೊಂಡಿರುತ್ತದೆ. ಅದು ಖಾಲಿಯಾದಾಗ ನೀರೂ ಹೋಗುತ್ತದೆ. ಎರಡು ದಿನ ಮೊದಲಿನ ಹಾಗೆ ಊಟ ಮಾಡಿದರೆ ತೂಕ ಮತ್ತೆ ಅಲ್ಲಿಗೇ ಬರುತ್ತದೆ.

ಭಾರ ಎತ್ತುವಾಗ, ಜೋರಾಗಿ ಓಡುವಾಗ ಸ್ನಾಯುಗಳು ಹೆಚ್ಚಾಗಿ ಬಳಸುವುದು ಈ ಗ್ಲೈಕೋಜನ್ನನ್ನೇ. ಕೊಬ್ಬಿನಿಂದಲೂ ಶಕ್ತಿ ಬರುತ್ತದೆ ನಿಜ, ಆದರೆ ಅಷ್ಟು ಬೇಗ ಬರುವುದಿಲ್ಲ. ಹಾಗಾಗಿ ಕಾರ್ಬ್ಸ್ ಪೂರ್ತಿ ಬಿಟ್ಟವರಿಗೆ ನಡಿಗೆ ಏನೂ ಕಷ್ಟ ಅನಿಸುವುದಿಲ್ಲ, ಭಾರ ಎತ್ತುವಾಗ ಕೊನೆಯ ಎರಡು ಸೆಟ್ (ಸುತ್ತು) ಮಾತ್ರ ಏಳುವುದೇ ಇಲ್ಲ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆಗಳು ಎರಡೇ. ಯಾವ ಕಾರ್ಬ್ಸ್? ನಾನು ಮಾಡುವ ಕೆಲಸಕ್ಕೆ ಎಷ್ಟು?

ಆರಿಸುವುದು ಹೇಗೆ

ಕಾರ್ಬ್ಸ್ ಜೊತೆಗೆ ಇನ್ನೇನು ಬರುತ್ತಿದೆ ಅಂತ ನೋಡಿ. ಬೇಯಿಸಿದ ಬೇಳೆಯ 100 ಗ್ರಾಂನಲ್ಲಿ ಸುಮಾರು 20 ಗ್ರಾಂ ಕಾರ್ಬ್ಸ್ ಇದೆ, ಆದರೆ ಅದರ ಜೊತೆ ಸುಮಾರು 9 ಗ್ರಾಂ ಪ್ರೋಟೀನ್, 8 ಗ್ರಾಂನಷ್ಟು ನಾರು, ಕಬ್ಬಿಣ, ಪೊಟ್ಯಾಶಿಯಂ ಎಲ್ಲ ಬರುತ್ತದೆ. ಅಷ್ಟೇ 20 ಗ್ರಾಂ ಕಾರ್ಬ್ಸ್ ಒಂದು ಸಣ್ಣ ಲೋಟ ತಂಪು ಪಾನೀಯದಿಂದಲೂ ಸಿಗುತ್ತದೆ, ಜೊತೆಗೆ ಬೇರೇನೂ ಬರುವುದಿಲ್ಲ. ಹೊಟ್ಟೆಯೂ ತುಂಬುವುದಿಲ್ಲ. ಇಡೀ ಧಾನ್ಯ, ಓಟ್ಸ್, ಕಾಳು, ಬೇಳೆ, ತರಕಾರಿ, ಹಣ್ಣು, ಹಾಲು, ಮೊಸರು ಇವುಗಳಿಂದ ದಿನದ ಕಾರ್ಬ್ಸ್‌ನ ಮುಕ್ಕಾಲು ಪಾಲು ಬಂದರೆ ಉಳಿದದ್ದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಿಳಿ ಅನ್ನ ವಿಷವೇನಲ್ಲ, ಅದರಲ್ಲಿ ನಾರು ಕಡಿಮೆ ಅಷ್ಟೇ. ತರಕಾರಿ, ಕಾಳಿನ ಜೊತೆ ತಿಂದರೆ ಆ ಕೊರತೆ ತುಂಬುತ್ತದೆ.

ಹಣ್ಣನ್ನು ಹಾಗೇ ತಿನ್ನಿ, ಜ್ಯೂಸ್ ಮಾಡಬೇಡಿ. ಒಂದು ಲೋಟ ಜ್ಯೂಸ್‌ಗೆ ಮೂರು ನಾಲ್ಕು ಹಣ್ಣು ಹೋಗುತ್ತವೆ, ನಾರು ಸೋಸಿ ಹೋಗುತ್ತದೆ, ಒಂದೇ ನಿಮಿಷದಲ್ಲಿ ಕುಡಿದು ಮುಗಿಯುತ್ತದೆ. ಅಷ್ಟೇ ಹಣ್ಣನ್ನು ಅಗಿದು ತಿನ್ನಲು ಯಾರಿಗೂ ಒಂದೇ ಸಲಕ್ಕೆ ಆಗುವುದಿಲ್ಲ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ ಕಡಿಮೆ ಮಾಡಿ ಅನ್ನುವ ಸಕ್ಕರೆಯ ಲೆಕ್ಕದಲ್ಲಿ ಜ್ಯೂಸ್ ಮತ್ತು ಜೇನುತುಪ್ಪದ ಸಕ್ಕರೆಯೂ ಸೇರುತ್ತದೆ, ಇಡೀ ಹಣ್ಣಿನದು ಸೇರುವುದಿಲ್ಲ. ಅಂಥ ಸಕ್ಕರೆ ದಿನದ ಒಟ್ಟು ಕ್ಯಾಲರಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕೆಳಗೆ ಇಳಿದರೆ ಇನ್ನೂ ಒಳ್ಳೆಯದು. 2000 ಕ್ಯಾಲರಿ ತಿನ್ನುವವರಿಗೆ ಶೇ. 10 ಅಂದರೆ 50 ಗ್ರಾಂ.

ಪ್ಯಾಕೆಟ್ ತಿನಿಸು ಕೊಳ್ಳುವಾಗ ಮುಂದಿನ ಬದಿಯ ದೊಡ್ಡ ಅಕ್ಷರಗಳನ್ನು ನಂಬಬೇಡಿ, ಹಿಂದೆ ತಿರುಗಿಸಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಹೆಚ್ಚು ತೂಕ ಇದೆಯೋ ಅದು ಮೊದಲು ಬರುತ್ತದೆ. ಮಲ್ಟಿಗ್ರೇನ್ ಅಂದರೆ ಹಲವು ಧಾನ್ಯ ಇದೆ ಅಂತಷ್ಟೇ ಅರ್ಥ, ಅವು ತೌಡಿನ ಸಮೇತ ಇರುವ ಇಡೀ ಧಾನ್ಯ ಅಂತ ಅಲ್ಲ. ಮೊದಲ ಹೆಸರೇ ಮೈದಾ ಆಗಿದ್ದರೆ ಬಣ್ಣ ಕಂದು ಇದ್ದರೂ ಅದು ಮೈದಾ ಬ್ರೆಡ್ಡೇ. ಸಕ್ಕರೆಗೂ ಅಲ್ಲಿ ಬೇರೆ ಬೇರೆ ಹೆಸರು: ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಇನ್ವರ್ಟ್ ಸಿರಪ್. ನನಗೆ ತುಂಬಾ ಉಪಯೋಗಕ್ಕೆ ಬರುವ ಒಂದು ಸುಲಭದ ಲೆಕ್ಕ ಇದೆ. ಪ್ರತಿ 10 ಗ್ರಾಂ ಕಾರ್ಬ್ಸ್‌ಗೆ ಕನಿಷ್ಠ 1 ಗ್ರಾಂ ನಾರು ಇದ್ದರೆ ಆ ಧಾನ್ಯದ ತಿನಿಸು ಪರವಾಗಿಲ್ಲ. ಓಟ್ಸ್ ಇದರಲ್ಲಿ ಸುಲಭವಾಗಿ ಪಾಸಾಗುತ್ತದೆ, ಬೆಳಗಿನ ತಿಂಡಿ ಅಂತ ಮಾರುವ ಸಿಹಿ ಸೀರಿಯಲ್‌ಗಳಲ್ಲಿ ಹೆಚ್ಚಿನವು ಆಗುವುದಿಲ್ಲ.

ಗ್ಲೈಸೆಮಿಕ್ ಇಂಡೆಕ್ಸ್ ಬಗ್ಗೆಯೂ ಹೇಳಬೇಕು, ಏಕೆಂದರೆ ಅದನ್ನು ನೋಡಿ ಸುಮ್ನೆ ಹೆದರುವವರು ಬಹಳ. ಒಂದು ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಅನ್ನುವ ಅಳತೆ ಅದು, 55 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಡಿಮೆ, 70 ಮತ್ತು ಮೇಲೆ ಇದ್ದರೆ ಹೆಚ್ಚು. ಆದರೆ ಆ ಅಂಕಿ ಎಷ್ಟು ತಿಂದಿರಿ ಅನ್ನುವುದನ್ನು ನೋಡುವುದಿಲ್ಲ. ಕಲ್ಲಂಗಡಿಯ ಅಂಕಿ ಸಾಮಾನ್ಯವಾಗಿ 70ರ ಮೇಲೆಯೇ ಬರೆದಿರುತ್ತಾರೆ, ಆದರೂ 100 ಗ್ರಾಂ ಕಲ್ಲಂಗಡಿಯಲ್ಲಿ ಕಾರ್ಬ್ಸ್ ಇರುವುದು ಏಳೆಂಟು ಗ್ರಾಂ, ಉಳಿದದ್ದೆಲ್ಲ ನೀರೇ. ಮೇಲಾಗಿ ನಾವು ಯಾವುದನ್ನೂ ಒಂಟಿಯಾಗಿ ತಿನ್ನುವುದು ಕಡಿಮೆ. ಪ್ರೋಟೀನ್, ಕೊಬ್ಬು, ನಾರು ಜೊತೆ ಸೇರಿದಾಗ ಸಕ್ಕರೆ ನಿಧಾನವಾಗಿ ಏರುತ್ತದೆ. ಬೇಯಿಸಿದ ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿ ತಣ್ಣಗಾಗಿಸಿದರೂ ಅದರ ಪಿಷ್ಟದ ಒಂದು ಭಾಗ ಸುಲಭವಾಗಿ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ.

ಎಷ್ಟು ತಿನ್ನಬೇಕು

ಇಲ್ಲಿ ಹೆಚ್ಚಿನವರು ಕಾರ್ಬ್ಸ್‌ನಿಂದ ಲೆಕ್ಕ ಶುರು ಮಾಡುತ್ತಾರೆ. ನಾನು ಹೇಳುವುದು ಅದನ್ನು ಕೊನೆಗೆ ಇಡಿ ಅಂತ. ಮೊದಲು ಪ್ರೋಟೀನ್, ಆಮೇಲೆ ಕೊಬ್ಬು, ಉಳಿದ ಜಾಗವೆಲ್ಲ ಕಾರ್ಬ್ಸ್‌ಗೆ. ಒಂದು ಗ್ರಾಂ ಪ್ರೋಟೀನ್‌ಗೆ 4 ಕ್ಯಾಲರಿ, ಕಾರ್ಬ್ಸ್‌ಗೂ 4, ಕೊಬ್ಬಿಗೆ 9. ನಿಯಮಿತವಾಗಿ ವ್ಯಾಯಾಮ ಮಾಡುವವರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕೆ.ಜಿ.ಗೆ 1.2ರಿಂದ 2 ಗ್ರಾಂ ಪ್ರೋಟೀನ್ ಬೇಕು. ಕೊಬ್ಬು ಒಟ್ಟು ಕ್ಯಾಲರಿಯ ಶೇ. 20ಕ್ಕಿಂತ ಕೆಳಗೆ ಇಳಿಯಬಾರದು. ಎ, ಡಿ, ಇ, ಕೆ ವಿಟಮಿನ್‌ಗಳನ್ನು ಹೀರಿಕೊಳ್ಳಲು ಕೊಬ್ಬು ಬೇಕು, ಹಾರ್ಮೋನುಗಳಿಗೂ ಬೇಕು.

70 ಕೆ.ಜಿ. ತೂಕದ ಒಬ್ಬರು ದಿನಕ್ಕೆ 2200 ಕ್ಯಾಲರಿ ತಿನ್ನುತ್ತಾರೆ ಅಂದುಕೊಳ್ಳಿ. ಕೆ.ಜಿ.ಗೆ 1.6 ಗ್ರಾಂ ಪ್ರೋಟೀನ್ ಅಂದರೆ 112 ಗ್ರಾಂ, ಅದಕ್ಕೆ 448 ಕ್ಯಾಲರಿ. ಕೊಬ್ಬು 65 ಗ್ರಾಂ ಇಟ್ಟರೆ 585. ಎರಡನ್ನೂ ಕಳೆದರೆ 1167 ಕ್ಯಾಲರಿ ಉಳಿಯಿತು, ಅದನ್ನು 4ರಿಂದ ಭಾಗಿಸಿದರೆ ಸುಮಾರು 290 ಗ್ರಾಂ ಕಾರ್ಬ್ಸ್. ನೋಡಿ, ಭಯಪಡುವಷ್ಟು ಕಡಿಮೆ ಏನಲ್ಲ. ಹಗುರ ವ್ಯಾಯಾಮಕ್ಕೆ ಕೆ.ಜಿ.ಗೆ 3ರಿಂದ 5 ಗ್ರಾಂ, ದಿನಕ್ಕೆ ಒಂದು ಗಂಟೆಯಷ್ಟು ಚೆನ್ನಾಗಿ ದಣಿಯುವವರಿಗೆ 5ರಿಂದ 7 ಗ್ರಾಂ ಅನ್ನುವುದು ಕ್ರೀಡಾ ಪೋಷಣೆಯಲ್ಲಿ ಒಪ್ಪಿಕೊಂಡ ಅಳತೆ. ತೂಕ ಇಳಿಸುವ ಹಂತದಲ್ಲಿ ಇದರ ಕೆಳಗಿನ ಅಂಚಿನಲ್ಲಿ ಇದ್ದರೆ ಸಾಕು.

ದಿನವೂ ತೂಗಿ ತಿನ್ನಿ ಅಂತ ನಾನು ಹೇಳುವುದಿಲ್ಲ. ಒಂದು ವಾರ ತೂಗಿ ನೋಡಿ, ಕಣ್ಣಿಗೆ ಅಂದಾಜು ಸಿಕ್ಕ ಮೇಲೆ ತಟ್ಟೆಯ ಲೆಕ್ಕವೇ ಸಾಕು: ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಪ್ರೋಟೀನ್, ಕಾಲು ಭಾಗ ಧಾನ್ಯ ಅಥವಾ ಗೆಡ್ಡೆ. ಕಾಲುಗಳಿಗೆ ಭಾರದ ವ್ಯಾಯಾಮ ಅಥವಾ ದೂರದ ಓಟ ಇರುವ ದಿನ ಧಾನ್ಯದ ಭಾಗ ಹೆಚ್ಚಿಸಿ, ತರಕಾರಿ ಸ್ವಲ್ಪ ಕಡಿಮೆ ಮಾಡಿ. ವಿಶ್ರಾಂತಿಯ ದಿನ ಧಾನ್ಯ ಕಡಿಮೆ, ಪ್ರೋಟೀನ್ ಮಾತ್ರ ಅಷ್ಟೇ ಇರಲಿ.

ವ್ಯಾಯಾಮಕ್ಕೆ ಎರಡು ಮೂರು ಗಂಟೆ ಮೊದಲು ಪೂರ್ತಿ ಊಟ ಆಗಿದ್ದರೆ ಒಳ್ಳೆಯದು. ಅರ್ಧ ಗಂಟೆ ಮಾತ್ರ ಇದ್ದರೆ ಒಂದು ಬಾಳೆಹಣ್ಣು ಸಾಕು, ಅದರಲ್ಲಿ ಸುಮಾರು 27 ಗ್ರಾಂ ಕಾರ್ಬ್ಸ್ ಇರುತ್ತದೆ. ಆ ಹೊತ್ತಿಗೆ ನಾರು, ಕೊಬ್ಬು ಜಾಸ್ತಿ ಇರುವುದನ್ನು ತಿನ್ನಬೇಡಿ, ಹೊಟ್ಟೆ ಭಾರವಾಗುತ್ತದೆ. ಅಂದರೆ ಬೇರೆ ಹೊತ್ತಿನಲ್ಲಿ ಒಳ್ಳೆಯದು ಅನ್ನುವ ಕಾಳು ಈ ಒಂದು ಹೊತ್ತಿಗೆ ಸರಿಯಲ್ಲ, ಬೇಡ ಅನ್ನುವ ಬಿಳಿ ಬ್ರೆಡ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಗಂಟೆಗಿಂತ ಕಡಿಮೆ ವ್ಯಾಯಾಮಕ್ಕೆ ಮಧ್ಯದಲ್ಲಿ ಎನರ್ಜಿ ಪಾನೀಯ ಬೇಕಾಗಿಲ್ಲ, ನೀರು ಸಾಕು.

ನಾರು ಹೆಚ್ಚಿಸುವಾಗ ನಿಧಾನವಾಗಿ ಹೆಚ್ಚಿಸಿ. ದಿನಕ್ಕೆ 25 ಗ್ರಾಂ ಆದರೂ ಮುಟ್ಟಬೇಕು, ಆದರೆ 10 ಗ್ರಾಂ ತಿನ್ನುತ್ತಿದ್ದವರು ಮರುದಿನವೇ 35ಕ್ಕೆ ಹಾರಿದರೆ ಹೊಟ್ಟೆ ಉಬ್ಬರ ಗ್ಯಾರಂಟಿ. ವಾರಕ್ಕೆ ನಾಲ್ಕೈದು ಗ್ರಾಂ ಏರಿಸಿ, ನೀರು ಜಾಸ್ತಿ ಕುಡಿಯಿರಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಕಾರ್ಬ್ಸ್ ಏರಿಳಿಸುವ ಮೊದಲು ವೈದ್ಯರ ಹತ್ತಿರ ಮಾತಾಡಲೇಬೇಕು, ಔಷಧಿಯ ಪ್ರಮಾಣವೂ ಬದಲಾಗಬೇಕಾಗಬಹುದು. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲು ಹಾಗೇ ಮಾಡಿ.

ಉಳಿದವರು ಈ ಲೆಕ್ಕದಲ್ಲಿ ಎರಡು ಮೂರು ವಾರ ತಿಂದು ನೋಡಿ, ತೂಕವನ್ನು ಒಂದು ದಿನದ್ದಲ್ಲ, ವಾರದ ಸರಾಸರಿ ನೋಡಿ. ಇಳಿಯಬೇಕಾದ ತೂಕ ಇಳಿಯುತ್ತಿಲ್ಲ ಅಂದರೆ ಮೊದಲು ಸಿಹಿ ಪಾನೀಯ, ಬಿಸ್ಕತ್ತು ತೆಗೆಯಿರಿ, ಆಮೇಲೆ ಬೇಕಿದ್ದರೆ ಧಾನ್ಯದಲ್ಲಿ ದಿನಕ್ಕೆ 30 ಗ್ರಾಂ ಕಾರ್ಬ್ಸ್ ಕಡಿಮೆ ಮಾಡಿ. ವ್ಯಾಯಾಮದಲ್ಲಿ ಶಕ್ತಿ ಕುಸಿಯುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ ಅಷ್ಟನ್ನೇ ವಾಪಸ್ ಸೇರಿಸಿ, ವ್ಯಾಯಾಮದ ಹಿಂದಿನ ಅಥವಾ ಮುಂದಿನ ಊಟಕ್ಕೇ ಸೇರಿಸಿ.