ಜನರೇಟರ್ ನಿಧಾನ ಮಾಡುವ ಪರ್ಕ್ ಆರಿಸುವುದು ಹೇಗೆ?

ಲಗೋರಿ ಆಡಿ ಬೆಳೆದವರಿಗೆ ‘ಡೆಡ್ ಬೈ ಡೇಲೈಟ್’ ಎಂಬ ವಿಡಿಯೊ ಗೇಮ್ ಅರ್ಥವಾಗಲು ಐದು ನಿಮಿಷ ಸಾಕು. ಲಗೋರಿಯಲ್ಲಿ ಒಂದು ಗುಂಪು ಬಿದ್ದ ಏಳು ಕಲ್ಲುಗಳನ್ನು ಮತ್ತೆ ಜೋಡಿಸಬೇಕು. ಇನ್ನೊಂದು ಗುಂಪು ಚೆಂಡಿನಿಂದ ಹೊಡೆದು ಅವರನ್ನು ತಡೆಯಬೇಕು. ಇಲ್ಲಿಯೂ ಹಾಗೆಯೇ. ಕಲ್ಲಿನ ಬದಲು ಏಳು ಜನರೇಟರ್ ಇರುತ್ತವೆ. ನಾಲ್ಕು ಜನ ಸರ್ವೈವರ್‌ಗಳು ಅವುಗಳಲ್ಲಿ ಐದನ್ನು ರಿಪೇರಿ ಮಾಡಿದರೆ ಗೇಟಿಗೆ ಕರೆಂಟ್ ಬರುತ್ತದೆ, ಅದನ್ನು ತೆರೆದು ತಪ್ಪಿಸಿಕೊಳ್ಳಬಹುದು. ಅಷ್ಟರೊಳಗೆ ಅವರನ್ನು ಅಟ್ಟಿಸಿಕೊಂಡು ಹೋಗಿ, ಹೊಡೆದು ಬೀಳಿಸಿ, ಹುಕ್‌ಗೆ ಹಾಕುವುದು ಕಿಲ್ಲರ್ ಕೆಲಸ. ಒಬ್ಬರನ್ನು ಮೂರನೇ ಸಲ ಹುಕ್‌ಗೆ ಹಾಕಿದರೆ ಅವರ ಆಟ ಮುಗಿಯಿತು.

ಕೆನಡಾದ ಮಾಂಟ್ರಿಯಲ್‌ನ ಬಿಹೇವಿಯರ್ ಇಂಟರ್ಯಾಕ್ಟಿವ್ ಈ ಆಟವನ್ನು ಬಿಟ್ಟಿದ್ದು 2016ರ ಜೂನ್‌ನಲ್ಲಿ. ರಕ್ತ, ಕಿರುಚಾಟ ಜಾಸ್ತಿ. ಯುರೋಪಿನಲ್ಲಿ ಇದಕ್ಕೆ 18 ವರ್ಷ ದಾಟಿದವರ ರೇಟಿಂಗ್ ಇದೆ. ಹಾಗಾಗಿ ಮುಂದಿನ ಮಾತೆಲ್ಲ ದೊಡ್ಡವರಿಗೆ.

ಹೊಸದಾಗಿ ಕಿಲ್ಲರ್ ಆಡುವವರೆಲ್ಲ ಹೇಳುವ ದೂರು ಒಂದೇ: ‘ಇಬ್ಬರನ್ನು ಹಿಡಿಯುವಷ್ಟರಲ್ಲಿ ಐದೂ ಜನರೇಟರ್ ಮುಗಿದುಹೋದವು!’ ಕಿಲ್ಲರ್‌ಗೆ ನಾಲ್ಕು ಪರ್ಕ್, ಅಂದರೆ ಆಟಕ್ಕೆ ಮುಂಚೆ ಆರಿಸಿಕೊಳ್ಳುವ ವಿಶೇಷ ಶಕ್ತಿಗಳನ್ನು, ಹಾಕಿಕೊಳ್ಳಲು ಜಾಗವಿದೆ. ಬೇಜಾರಿನಲ್ಲಿ ನಾಲ್ಕಕ್ಕೂ ಜನರೇಟರ್ ನಿಧಾನ ಮಾಡುವ ಪರ್ಕ್‌ಗಳನ್ನೇ ತುಂಬಿಬಿಡುತ್ತಾರೆ. ಆದರೂ ಸೋಲುತ್ತಾರೆ. ನಾನೂ ಬಹಳ ದಿನ ಹಾಗೇ ಆಡಿದೆ. ಯಾವ ಪರ್ಕ್ ಒಳ್ಳೆಯದು ಎಂದು ಹುಡುಕುತ್ತಿದ್ದೆ. ನನ್ನ ಸಮಯ ಎಲ್ಲಿ ಹೋಗುತ್ತಿದೆ ಎಂದು ನೋಡಿರಲಿಲ್ಲ.

ಮೊದಲು ಲೆಕ್ಕ

ಒಬ್ಬರೇ ಕೂತು ರಿಪೇರಿ ಮಾಡಿದರೆ ಒಂದು ಜನರೇಟರ್‌ಗೆ 90 ಸೆಕೆಂಡ್ ಬೇಕು. 2022ರ ಜುಲೈಗೆ ಮುಂಚೆ 80 ಇತ್ತು. ಟೂಲ್‌ಬಾಕ್ಸ್ ಇದ್ದರೆ ಇನ್ನೂ ಬೇಗ ಆಗುತ್ತದೆ.

ಈಗ ನೀವು ಒಬ್ಬರ ಹಿಂದೆ 90 ಸೆಕೆಂಡ್ ಓಡಿದಿರಿ ಅಂದುಕೊಳ್ಳಿ. ಉಳಿದ ಮೂವರು ಅಷ್ಟರಲ್ಲಿ ಮೂರು ಜನರೇಟರ್ ಮುಗಿಸಬಹುದು. ಒಂದೇ ಓಟಕ್ಕೆ ಅರ್ಧಕ್ಕಿಂತ ಜಾಸ್ತಿ ಆಟ ಕೈಬಿಟ್ಟಿತು, ಅಲ್ವಾ? ಅದೇ ಓಟ 30 ಸೆಕೆಂಡ್‌ನಲ್ಲಿ ಮುಗಿದಿದ್ದರೆ ಮೂರೂ ಜನರೇಟರ್ ಮೂರರಲ್ಲಿ ಒಂದು ಭಾಗದಲ್ಲೇ ಇರುತ್ತಿದ್ದವು.

ಇನ್ನೊಂದು ಲೆಕ್ಕ. ಕಿಲ್ಲರ್ ಒದ್ದ ಜನರೇಟರ್ ಸ್ವಲ್ಪ ಪ್ರಗತಿಯನ್ನು ಕೂಡಲೇ ಕಳೆದುಕೊಳ್ಳುತ್ತದೆ. ಆಮೇಲೆ ತಾನಾಗಿ ಹಿಂದಕ್ಕೆ ಹೋಗುತ್ತದೆ, ಆದರೆ ಒಬ್ಬರು ರಿಪೇರಿ ಮಾಡುವ ವೇಗದ ಕಾಲು ಭಾಗದಲ್ಲಿ ಮಾತ್ರ. ಅದು 40 ಸೆಕೆಂಡ್ ಹಿಂದಕ್ಕೆ ಹೋದರೂ ಸರ್ವೈವರ್‌ನ 10 ಸೆಕೆಂಡ್ ಕೆಲಸ ಹಾಳಾಗುತ್ತದೆ, ಅಷ್ಟೇ. ದೂರದ ಜನರೇಟರ್ ಒದೆಯಲು 20 ಸೆಕೆಂಡ್ ನಡೆದು ಹೋಗುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಹತ್ತು ಆಟ, ಒಂದು ನೋಟ್‌ಬುಕ್

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ನಿಧಾನ ಮಾಡುವ ಪರ್ಕ್ ಒಂದೂ ಇಲ್ಲದೆ ಹತ್ತು ಆಟ ಆಡಿ. ಸೋತರೆ ಸೋಲಲಿ. ಪ್ರತಿ ಆಟಕ್ಕೂ ಎರಡೇ ಸಂಗತಿ ಬರೆದಿಡಿ: ಮೊದಲ ಹುಕ್ ಆದಾಗ ಎಷ್ಟು ಜನರೇಟರ್ ಬಾಕಿ ಇದ್ದವು? ಒಟ್ಟು ಎಷ್ಟು ಹುಕ್ ಆದವು?

ಮೊದಲ ಹುಕ್ ಆಗುವಾಗಲೇ ಮೂರೋ ಎರಡೋ ಬಾಕಿ ಎಂದು ಪದೇ ಪದೇ ಕಂಡರೆ, ನೀವು ಶುರುವಿನಲ್ಲೇ ಹಿಂದೆ ಬೀಳುತ್ತಿದ್ದೀರಿ. ಮೊದಲ ಹುಕ್ ಬೇಗ ಆಗಿ, ಆಮೇಲೆ ಆಟ ಜಾರುತ್ತಿದ್ದರೆ ತೊಂದರೆ ನಡುವಿನದು. ಇವೆರಡಕ್ಕೂ ಮದ್ದು ಬೇರೆ ಬೇರೆ.

ಶುರುವಿನಲ್ಲಿ ಹಿಂದೆ ಬೀಳುವವರಿಗೆ

ಕರಪ್ಟ್ ಇಂಟರ್ವೆನ್ಷನ್. ಇದು ಪ್ಲೇಗ್ ಎಂಬ ಕಿಲ್ಲರ್‌ನ ಪರ್ಕ್. ಆಟ ಶುರುವಾದಾಗ ನಿಮ್ಮಿಂದ ಅತಿ ದೂರದ ಮೂರು ಜನರೇಟರ್‌ಗಳು ಮುಚ್ಚಿಹೋಗುತ್ತವೆ. ಪರ್ಕ್ ಮೂರನೇ ಹಂತದಲ್ಲಿದ್ದರೆ, ಅಂದರೆ ಪೂರ್ತಿ ಬೆಳೆದಿದ್ದರೆ, 120 ಸೆಕೆಂಡ್‌ವರೆಗೆ ಯಾರೂ ಅವುಗಳನ್ನು ಮುಟ್ಟುವಂತಿಲ್ಲ. ಸರ್ವೈವರ್‌ಗಳು ಬೇರೆ ಜನರೇಟರ್ ಹುಡುಕಿಕೊಂಡು ನಿಮ್ಮ ಕಡೆಗೇ ಬರಬೇಕಾಗುತ್ತದೆ. ನಡೆದು ಹುಡುಕುವ ಸಮಯ ನಿಮಗೆ ಉಳಿಯಿತು.

ಟ್ರ್ಯಾಪರ್, ಹ್ಯಾಗ್ ಥರದ ಕಿಲ್ಲರ್‌ಗಳಿಗೆ ಇದು ಬಹಳ ಒಳ್ಳೆಯದು. ಅವರು ಮೊದಲು ಬಲೆ ಹೂಡಬೇಕು. ಬಲೆ ಹೂಡುವ ಹೊತ್ತಿನಲ್ಲಿ ಜನರೇಟರ್ ಮುಗಿದುಬಿಟ್ಟರೆ ಬಲೆಗೆ ಬೆಲೆ ಇಲ್ಲ. ಒಂದು ಎಚ್ಚರಿಕೆ: ಮೊದಲ ಸರ್ವೈವರ್ ನೆಲಕ್ಕೆ ಬಿದ್ದ ಕೂಡಲೇ ಈ ಪರ್ಕ್ ನಿಂತುಹೋಗುತ್ತದೆ. ಮೊದಲ ನಿಮಿಷದೊಳಗೇ ಒಬ್ಬರನ್ನು ಬೀಳಿಸುವವರು ಈ ಜಾಗವನ್ನು ಬೇರೆ ಪರ್ಕ್‌ಗೆ ಇಟ್ಟುಕೊಳ್ಳಲಿ.

ನಡುವೆ ಜಾರುವವರಿಗೆ

ಆರಿಸಲು ಜಾಸ್ತಿ ಇರುವುದು ಇಲ್ಲೇ. ತಪ್ಪು ಆಗುವುದೂ ಇಲ್ಲೇ.

ಪೇನ್ ರೆಸೊನೆನ್ಸ್ ನನಗೆ ತುಂಬಾ ಇಷ್ಟ. ಮೈದಾನದ ಕೆಲವು ಹುಕ್‌ಗಳು ವಿಶೇಷ ಹುಕ್‌ಗಳಾಗುತ್ತವೆ. ಅವುಗಳಲ್ಲಿ ಒಬ್ಬರನ್ನು ಹಾಕಿದರೆ, ಎಲ್ಲಕ್ಕಿಂತ ಮುಂದಿರುವ ಜನರೇಟರ್ ಸಿಡಿದು ಒಂದಷ್ಟು ಪ್ರಗತಿ ಕಳೆದುಕೊಳ್ಳುತ್ತದೆ. ನೀವು ಅಲ್ಲಿಗೆ ನಡೆಯಬೇಕಿಲ್ಲ. ಇದು ನಾಲ್ಕು ಸಲ ಮಾತ್ರ ಕೆಲಸ ಮಾಡುತ್ತದೆ, ಪ್ರತಿ ಸರ್ವೈವರ್‌ಗೆ ಒಂದು ಸಲ. ಗ್ರಿಮ್ ಎಂಬ್ರೇಸ್ ಕೂಡ ಇದೇ ಜಾತಿ. ಹೊಸದಾಗಿ ಒಬ್ಬರು ಹುಕ್‌ಗೆ ಬಿದ್ದಾಗ ಎಲ್ಲ ಜನರೇಟರ್ ಸ್ವಲ್ಪ ಹೊತ್ತು ಮುಚ್ಚುತ್ತವೆ. ನಾಲ್ಕನೆಯವರಿಗೆ ಇನ್ನೂ ಜಾಸ್ತಿ ಹೊತ್ತು. ಇವೆರಡೂ ಆರ್ಟಿಸ್ಟ್ ಎಂಬ ಒಬ್ಬಳೇ ಕಿಲ್ಲರ್‌ನ ಪರ್ಕ್‌ಗಳು. ಅವಳನ್ನು ಒಂದು ಪ್ರೆಸ್ಟೀಜ್‌ವರೆಗೆ (ಪಾತ್ರವನ್ನು ಬೆಳೆಸುವ ದೊಡ್ಡ ಮಟ್ಟ) ಬೆಳೆಸಿದರೆ ಎರಡೂ ನಿಮ್ಮ ಉಳಿದ ಕಿಲ್ಲರ್‌ಗಳಿಗೂ ಸಿಗುತ್ತವೆ. ಮೂರನೇ ಪ್ರೆಸ್ಟೀಜ್‌ಗೆ ಅವು ಪೂರ್ತಿ ಹಂತದಲ್ಲಿ ಬರುತ್ತವೆ.

ಇವೆರಡನ್ನೂ ಹಾಕಿದ ಮೇಲೆ ಒಬ್ಬರನ್ನೇ ಬೆನ್ನುಹತ್ತಿ ಹುಕ್‌ಗೆ ಹಾಕುತ್ತಾ ಹೋದರೆ ಏನೂ ಪ್ರಯೋಜನವಿಲ್ಲ. ಹುಕ್‌ಗಳನ್ನು ನಾಲ್ವರಿಗೂ ಹಂಚಬೇಕು. ಹಾಗೆ ಆಡಿದರೆ ಎದುರಿನವರಿಗೂ ಆಟ ಸಿಗುತ್ತದೆ. ಎರಡು ನಿಮಿಷಕ್ಕೆ ಹೊರಬಿದ್ದು ಸುಮ್ನೆ ಕೂರುವುದು ಯಾರಿಗೆ ಬೇಕು?

ಕ್ಲೌನ್‌ನ ಪಾಪ್ ಗೋಸ್ ದ ವೀಸೆಲ್ ಬೇರೆ ಥರ. ಒಬ್ಬರನ್ನು ಹುಕ್‌ಗೆ ಹಾಕಿ, ಕೊಟ್ಟ ಸಮಯದೊಳಗೆ ಒಂದು ಜನರೇಟರ್ ಒದ್ದರೆ, ಆಗ ಇದ್ದ ಪ್ರಗತಿಯಲ್ಲಿ ಒಳ್ಳೆಯ ಪಾಲು ಹೋಗುತ್ತದೆ. ಅರ್ಧ ಆಗದ ಜನರೇಟರ್‌ಗೆ ಇದನ್ನು ಖರ್ಚು ಮಾಡಬೇಡಿ. ಮುಗಿಯಲು ಬಂದಿರುವುದಕ್ಕೆ ಇಟ್ಟುಕೊಳ್ಳಿ. ಬ್ಲೈಟ್, ಹಿಲ್‌ಬಿಲ್ಲಿ ಥರ ಮೈದಾನವನ್ನು ಕ್ಷಣದಲ್ಲಿ ದಾಟುವವರ ಕೈಯಲ್ಲಿ ಪಾಪ್ ಚೆನ್ನಾಗಿ ಓಡುತ್ತದೆ. ಮೆಲ್ಲಗೆ ನಡೆಯುವವರು ಅಲ್ಲಿಗೆ ಹೋಗುವುದರಲ್ಲೇ ಲಾಭ ಕರಗುತ್ತದೆ.

ಇನ್ನೂ ಶೂರರಾಗದವರಿಗೆ ಡೆಡ್‌ಲಾಕ್ ಹೇಳುತ್ತೇನೆ. ಒಂದು ಜನರೇಟರ್ ಮುಗಿದ ತಕ್ಷಣ, ಉಳಿದವುಗಳಲ್ಲಿ ಎಲ್ಲಕ್ಕಿಂತ ಮುಂದಿರುವ ಜನರೇಟರ್ ಕೆಲ ಸೆಕೆಂಡ್ ಮುಚ್ಚುತ್ತದೆ. ಹುಕ್ ಬೇಡ, ಒದೆಯುವುದೂ ಬೇಡ. ಸೋಲುತ್ತಿರುವಾಗಲೂ ಕೆಲಸ ಮಾಡುವ ಪರ್ಕ್ ಇದು. ಯಾವ ಜನರೇಟರ್ ಮುಂದಿದೆ ಎನ್ನುವುದೂ ಇದರಿಂದ ಗೊತ್ತಾಗುತ್ತದೆ.

ಹೆಕ್ಸ್ ರೂಯಿನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಯಾರೂ ಮುಟ್ಟದ ಜನರೇಟರ್‌ಗಳೆಲ್ಲ ತಾವಾಗಿ ಹಿಂದಕ್ಕೆ ಹೋಗುತ್ತವೆ. ಚೆನ್ನಾಗಿದೆ. ಆದರೆ ಅದರ ಜೀವ ಮೈದಾನದಲ್ಲಿ ಅಡಗಿರುವ, ತಲೆಬುರುಡೆಗಳ ಸಣ್ಣ ಗುಡ್ಡೆಯಂಥ ಒಂದು ಟೋಟಮ್‌ನಲ್ಲಿ ಇರುತ್ತದೆ. ಯಾರಾದರೂ ಅದನ್ನು ಹುಡುಕಿ 14 ಸೆಕೆಂಡ್ ಕೂತು ಒಡೆದರೆ ನಿಮಗೆ ಮೂರೇ ಪರ್ಕ್ ಉಳಿದವು. ಆಟ ಶುರುವಾದ ಅರ್ಧ ನಿಮಿಷಕ್ಕೆ ಅದು ಹೋದ ದಿನಗಳನ್ನು ನಾನು ಬಹಳ ನೋಡಿದ್ದೇನೆ.

ಸ್ಲಾಪಿ ಬುಚರ್ ಜನರೇಟರ್ ತಂಟೆಗೇ ಹೋಗುವುದಿಲ್ಲ. ಗಾಯ ಮಾಡಿ ಬಿಟ್ಟರೆ, ಅದನ್ನು ವಾಸಿಮಾಡಲು ಅವರಿಗೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಒಬ್ಬರು ಇನ್ನೊಬ್ಬರನ್ನು ವಾಸಿಮಾಡುವಾಗ ಇಬ್ಬರೂ ರಿಪೇರಿ ಬಿಟ್ಟಿರುತ್ತಾರೆ. ಹೊಡೆದು ಬಿಟ್ಟು ಮುಂದಿನವರ ಹಿಂದೆ ಹೋಗುವ ಅಭ್ಯಾಸ ನಿಮಗಿದ್ದರೆ ಹಾಕಿ ನೋಡಿ.

ಎರಡು ಸಾಕು

ನನ್ನ ಅಭಿಪ್ರಾಯದಲ್ಲಿ ನಿಧಾನ ಮಾಡುವವು ಎರಡೇ ಇರಲಿ. ಉಳಿದ ಎರಡು ಜಾಗದಲ್ಲಿ ಒಂದು, ಸರ್ವೈವರ್ ಎಲ್ಲಿದ್ದಾರೆ ಎಂದು ತಿಳಿಸುವ ಪರ್ಕ್. ಇನ್ನೊಂದು, ಓಟವನ್ನು ಬೇಗ ಮುಗಿಸಲು ನೆರವಾಗುವ ಪರ್ಕ್. 90 ಸೆಕೆಂಡ್ ಓಟವನ್ನು 60ಕ್ಕೆ ಇಳಿಸಿದರೆ ಮೂರು ಜನರ ತಲಾ 30 ಸೆಕೆಂಡ್ ಕೆಲಸ ತಪ್ಪಿಸಿದಂತೆ. ಅದೂ ಜನರೇಟರ್ ನಿಧಾನ ಮಾಡುವುದೇ.

ಎರಡನ್ನು ಜೋಡಿಸುವಾಗ ಒಂದನ್ನು ನೋಡಿ. ಎರಡಕ್ಕೂ ಒಂದೇ ಸಮಯದಲ್ಲಿ ನಿಮ್ಮ ಕಾಲು ಬೇಕಾಗಬಾರದು. ಒದೆಯುವುದನ್ನೇ ನಂಬಿದ ಎರಡು ಪರ್ಕ್ ಹಾಕಿದರೆ ಇಡೀ ಆಟ ಜನರೇಟರ್ ಸುತ್ತ ತಿರುಗುತ್ತೀರಿ. ಪಾಪ್ ಜೊತೆ ಡೆಡ್‌ಲಾಕ್ ಸರಿ. ಕರಪ್ಟ್ ಜೊತೆ ಪೇನ್ ರೆಸೊನೆನ್ಸ್ ಇನ್ನೂ ಸರಿ. ಒಂದು ಶುರುವನ್ನು ಕಾಯುತ್ತದೆ, ಇನ್ನೊಂದು ನಡುವನ್ನು.

ಹತ್ತಿರ ಹತ್ತಿರದ ಮೂರು ಜನರೇಟರ್ ಕಾಯುತ್ತಾ ಕೂರುವ ಹಳೆಯ ಉಪಾಯವನ್ನು ನಂಬಬೇಡಿ. 2023ರಲ್ಲಿ ಸ್ಕಲ್ ಮರ್ಚೆಂಟ್ ಎಂಬ ಕಿಲ್ಲರ್ ಬಂದಾಗ ಹೀಗೆ ಆಟಗಳು ಮುಗಿಯದೆ ಎಳೆಯುತ್ತಿದ್ದವು. 2024ರ ಜನವರಿಯಲ್ಲಿ ಅದಕ್ಕೆ ಮಿತಿ ಬಂತು. ಒಂದು ಜನರೇಟರ್‌ಗೆ ಎಂಟು ಸಲ ಪೆಟ್ಟು ಕೊಟ್ಟ ಮೇಲೆ ಅದನ್ನು ಮತ್ತೆ ಹಿಂದಕ್ಕೆ ತಳ್ಳಲು ಆಗುವುದಿಲ್ಲ. ಪರ್ಕ್‌ಗಳ ಅಂಕಿಗಳೂ ಅಪ್‌ಡೇಟ್‌ಗಳಲ್ಲಿ ಬದಲಾಗುತ್ತಿರುತ್ತವೆ. ಆಟದೊಳಗಿನ ವಿವರಣೆಯನ್ನು ಆಗಾಗ ಓದಿ.

ಮತ್ತೆ ಹತ್ತು ಆಟ

ಆರಿಸಿದ ಜೋಡಿಯನ್ನು ಬದಲಿಸದೆ ಹತ್ತು ಆಟ ಆಡಿ. ಅದೇ ಎರಡು ಸಂಗತಿ ಬರೆಯಿರಿ. ಹುಕ್‌ಗಳು ಹೆಚ್ಚಾಗಿ, ಐದನೇ ಜನರೇಟರ್ ಮುಗಿಯುವಾಗ ಎಲ್ಲರೂ ಕೊನೆಯ ಹುಕ್‌ಗೆ ಬಂದು ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ಕಂಡರೆ, ಇನ್ನೊಂದು ಜನರೇಟರ್ ಪರ್ಕ್ ಸೇರಿಸಬೇಡಿ. ಐದು ಮುಗಿದ ಮೇಲೆ ಅವುಗಳಿಗೆ ಕೆಲಸವಿಲ್ಲ. ಟ್ರಿಕ್‌ಸ್ಟರ್‌ನ ನೋ ವೇ ಔಟ್ ಹಾಕಿ ನೋಡಿ. ಗೇಟಿಗೆ ಕೈ ಹಾಕಿದಾಗ ಅದು ಎರಡೂ ಗೇಟ್‌ಗಳನ್ನು ತಡೆದು ನಿಲ್ಲಿಸುತ್ತದೆ. ನೀವು ಎಷ್ಟು ಬೇರೆ ಬೇರೆ ಜನರನ್ನು ಹುಕ್‌ಗೆ ಹಾಕಿದ್ದೀರೋ ಅದರ ಮೇಲೆ ಆ ಸಮಯ ಉದ್ದವಾಗುತ್ತದೆ.