ಇಂಗ್ಲಿಷ್‌ನಲ್ಲಿ ಜಗಳ ಬರೆಯುವ ಮುಂಚೆ ಇಷ್ಟು ನೋಡಿಕೊಳ್ಳಿ

ಇಂಗ್ಲಿಷ್‌ನಲ್ಲಿ ಜಗಳಕ್ಕೆ ಪದಗಳು ಜಾಸ್ತಿ. ಆರಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಕೈ ಬಿತ್ತಾ, ಇಲ್ವಾ?

ಬರೀ ಬಾಯಿಜಗಳವಾದರೆ ಕ್ವಾರೆಲ್ ಸಾಕು. ರಿಮೋಟಿಗಾಗಿ ಮಕ್ಕಳು ಕಿತ್ತಾಡಿದರೆ ಸ್ಕ್ವಾಬಲ್. ಬೀದಿಗೆಲ್ಲಾ ಕೇಳುವ ಹಾಗೆ ಕೂಗಾಡಿದರೆ ರೌ (row). ಸಾಲು ಅನ್ನುವ ಅರ್ಥದ ರೋ ಪದಕ್ಕೂ ಇದೇ ಸ್ಪೆಲಿಂಗ್, ಉಚ್ಚಾರ ಮಾತ್ರ ಬೇರೆ.

ಸ್ವಲ್ಪ ತಳ್ಳಾಟ ನಡೆದು ಬೇಗ ಮುಗಿದರೆ ಸ್ಕಫಲ್. ಬಾರ್‌ನಲ್ಲಿ ಕುಡಿದು ಹೊಡೆದಾಡಿದರೆ ಬ್ರಾಲ್. ಯಾರು ಯಾರಿಗೆ ಹೊಡೆಯುತ್ತಿದ್ದಾರೆ ಅಂತಲೇ ಗೊತ್ತಾಗದಿದ್ದರೆ ಮೆಲೇ.

ಹುಷಾರಾಗಿರಬೇಕಾದದ್ದು ಅಫ್ರೇ ಮತ್ತು ರಯಟ್ ವಿಷಯದಲ್ಲಿ. ಇವು ಕಾನೂನಿನ ಪದಗಳೂ ಹೌದು. ಭಾರತೀಯ ನ್ಯಾಯ ಸಂಹಿತೆಯ 194ನೇ ಸೆಕ್ಷನ್ ಪ್ರಕಾರ, ಇಬ್ಬರು ಅಥವಾ ಹೆಚ್ಚು ಜನ ಸಾರ್ವಜನಿಕ ಜಾಗದಲ್ಲಿ ಹೊಡೆದಾಡಿ ಶಾಂತಿ ಕದಡಿದರೆ ಅದು ಅಫ್ರೇ. ಮನೆಯೊಳಗೆ ಅಣ್ಣತಮ್ಮಂದಿರು ಬಡಿದಾಡಿದರೆ ಅಲ್ಲ. ರಯಟ್ ಅನ್ನಬೇಕಾದರೆ ಕನಿಷ್ಠ 5 ಜನರ ಅಕ್ರಮ ಕೂಟ ಇರಬೇಕು. ಹಾಗಾಗಿ ಅಪಾರ್ಟ್‌ಮೆಂಟ್ ಪಾರ್ಕಿಂಗ್ ಗಲಾಟೆಯ ಬಗ್ಗೆ ದೂರು ಬರೆಯುವಾಗ ಸುಮ್ನೆ ರಯಟ್ ಅಂತ ಹಾಕಬೇಡಿ. ಮಾತಿಗೆ ಮಾತು ಬೆಳೆದದ್ದಷ್ಟೇ ಆದರೆ ವರ್ಬಲ್ ಆಲ್ಟರ್ಕೇಶನ್ ಅನ್ನಿ.